ತೋಳಕ್ಕೆ ದುಃಖವಾಯಿತು ಅಂತ ಬರೆಯಬಹುದೆ?

ಲೋಬೊ ಅನ್ನುವುದು ಒಂದು ತೋಳದ ಹೆಸರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅದರ ಗುಂಪು ದನಗಳನ್ನು ಹಿಡಿದು ತಿನ್ನುತ್ತಿತ್ತು. ವಿಷ ಇಟ್ಟರೂ ಬೋನು ಹೂತಿಟ್ಟರೂ ಲೋಬೊ ಸಿಗುತ್ತಿರಲಿಲ್ಲ. ಅದರ ತಲೆಗೆ 1000 ಡಾಲರ್ ಬಹುಮಾನವಿತ್ತು. ಕೊನೆಗೆ ಪ್ರಾಣಿಗಳ ಬಗ್ಗೆ ಬರೆಯುತ್ತಿದ್ದ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಅದರ ಸಂಗಾತಿ ಬ್ಲಾಂಕಾಳನ್ನು ಹಿಡಿದು ಕೊಂದರು. ಅವಳ ದೇಹವನ್ನು ಬೋನು ಹೂತ ಜಾಗದ ಮೇಲೆ ಎಳೆದು ವಾಸನೆ ಹರಡಿದರು. ಅವಳನ್ನು ಹುಡುಕುತ್ತ ಬಂದ ಲೋಬೊ ಸಿಕ್ಕಿಬಿತ್ತು. 1894ರ ಜನವರಿ ಕೊನೆಯಲ್ಲಿ, ಕಟ್ಟಿ ತಂದ ಮಾರನೆಯ ಬೆಳಗ್ಗೆ ಅದು ಸತ್ತಿತ್ತು. ಎದೆ ಒಡೆದು ಸತ್ತಿತು ಅಂತ ಸೀಟನ್ ಬರೆದರು.

ಹಾಗೆ ಬರೆಯುವ ಹಕ್ಕು ಅವರಿಗಿತ್ತೆ? ವನ್ಯಜೀವಿಗಳ ಬಗ್ಗೆ ಬಂದ ಪುಸ್ತಕಗಳ ಇತಿಹಾಸದ ಉದ್ದಕ್ಕೂ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಪ್ರಾಣಿಯ ಮನಸ್ಸಿನೊಳಗೆ ಏನಿದೆ ಅಂತ ಹೇಳಲು ನಾವು ಯಾರು? ಹೇಳದೇ ಹೋದರೆ ಆ ಪ್ರಾಣಿಯ ಬಗ್ಗೆ ನಿಜ ಹೇಳಿದ ಹಾಗಾಗುತ್ತದೆಯೆ?

ಹಳೆಯ ಕಾಲದಲ್ಲಿ ಈ ಚಿಂತೆ ಯಾರಿಗೂ ಇರಲಿಲ್ಲ. ಯುರೋಪಿನಲ್ಲಿ 12 ಮತ್ತು 13ನೇ ಶತಮಾನದ ಪ್ರಾಣಿ ಗ್ರಂಥಗಳನ್ನು ನೋಡಿ. ಹೆಜ್ಜಾರ್ಲೆ ತನ್ನ ಎದೆ ಸೀಳಿ, ರಕ್ತ ಹನಿಸಿ, ಸತ್ತ ಮರಿಗಳನ್ನು ಬದುಕಿಸುತ್ತದೆ ಅಂತ ಅಲ್ಲಿದೆ. ಹಕ್ಕಿಯನ್ನು ನೋಡಿ ಬರೆದ ಮಾತಲ್ಲ ಅದು. ಕ್ರಿಸ್ತನ ತ್ಯಾಗವನ್ನು ಹೇಳಲು ಒಂದು ಹಕ್ಕಿ ಬೇಕಿತ್ತು, ಅಷ್ಟೆ. 1637ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ ಇದರ ಪೂರ್ತಿ ವಿರುದ್ಧ ತುದಿಗೆ ಹೋದರು. ಪ್ರಾಣಿ ಅಂದರೆ ಯಂತ್ರ ಇದ್ದ ಹಾಗೆ, ಅದಕ್ಕೆ ಆತ್ಮವಿಲ್ಲ, ವಿಚಾರಶಕ್ತಿ ಇಲ್ಲ ಅಂದರು. ಎರಡು ಕಡೆಯೂ ನಿಜವಾದ ಪ್ರಾಣಿಯನ್ನು ಕೂತು ನೋಡಿದವರು ಕಡಿಮೆ.

ಕೂತು ನೋಡಿದ ಒಬ್ಬರು ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್. ಸೆಲ್ಬೋರ್ನ್ ಅನ್ನುವ ತಮ್ಮ ಹಳ್ಳಿಯ ಸುತ್ತ ಕಂಡದ್ದನ್ನೆಲ್ಲ ಅವರು ಪತ್ರಗಳಲ್ಲಿ ಬರೆದರು. ಅದು 1789ರಲ್ಲಿ ಪುಸ್ತಕವಾಯಿತು. ನೋಡಲು ಒಂದೇ ಥರ ಕಾಣುವ ಮೂರು ಪುಟ್ಟ ಹಕ್ಕಿಗಳು ಬೇರೆ ಬೇರೆ ಜಾತಿ ಅಂತ ಅವರು ಕಂಡುಕೊಂಡದ್ದು ಹಾಡು ಕೇಳಿ. ನನಗೆ ಎಲ್ಲಕ್ಕಿಂತ ಇಷ್ಟ ಅವರ ಆಮೆಯ ಕಥೆ. ಹೆಸರು ತಿಮೋತಿ. ಮಳೆ ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ತನಗೆ ಊಟ ಕೊಟ್ಟ ಅಜ್ಜಿ ಕಂಡರೆ ಮಾತ್ರ ಅವರತ್ತ ತೆವಳುತ್ತಿತ್ತು. ಬೇರೆಯವರು ಬಂದರೆ ಲೆಕ್ಕಕ್ಕೇ ಇಡುತ್ತಿರಲಿಲ್ಲ. ವೈಟ್ ಇಲ್ಲಿ ಅದರ ಮನಸ್ಸನ್ನು ಬಗೆದು ನೋಡಲು ಹೋಗುವುದಿಲ್ಲ. ಕಂಡದ್ದನ್ನು ಅಷ್ಟು ಪ್ರೀತಿಯಿಂದ, ಅಷ್ಟು ಸರಿಯಾಗಿ ಹೇಳುತ್ತಾರೆ, ಓದುವವರಿಗೆ ಆಮೆ ತಾನಾಗಿಯೇ ಹತ್ತಿರವಾಗುತ್ತದೆ. ತಿಮೋತಿ ಗಂಡಲ್ಲ, ಹೆಣ್ಣು ಅಂತ ಗೊತ್ತಾದದ್ದು ಅದು ಸತ್ತ ಮೇಲೆ.

ಮುಂದಿನ ಶತಮಾನ ಈ ಸಮಾಧಾನ ಉಳಿಯಗೊಡಲಿಲ್ಲ. 1872ರಲ್ಲಿ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಸಿಟ್ಟು, ಭಯ, ಸಂತೋಷ ನಮ್ಮೊಬ್ಬರ ಸೊತ್ತಲ್ಲ ಅಂತ ತೋರಿಸಿದರು. 1877ರಲ್ಲಿ ಅನ್ನಾ ಸೀವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ ಬಂತು. ಅದರಲ್ಲಿ ಕಥೆ ಹೇಳುವುದು ಕುದುರೆಯೇ. ಗಾಡಿ ಕುದುರೆಗಳ ತಲೆಯನ್ನು ಎತ್ತಿ ಬಿಗಿದು ಕಟ್ಟುವ ಕ್ರೂರ ಪದ್ಧತಿಯ ವಿರುದ್ಧ ಜನ ಮಾತಾಡುವಂತೆ ಮಾಡಿದ್ದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ಕುದುರೆ ಮಾತಾಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಕುದುರೆಯ ನೋವು ಸುಳ್ಳಾಗಿರಲಿಲ್ಲ. ಇತ್ತ ವಿಜ್ಞಾನಿಗಳಲ್ಲಿ ಎಚ್ಚರಿಕೆ ಶುರುವಾಗಿತ್ತು. ಸರಳ ಕಾರಣದಿಂದ ವಿವರಿಸಬಹುದಾದ ನಡವಳಿಕೆಗೆ ದೊಡ್ಡ ಬುದ್ಧಿಯ ಕಾರಣ ಕೊಡಬೇಡಿ ಅಂತ 1894ರಲ್ಲಿ ಲಾಯ್ಡ್ ಮಾರ್ಗನ್ ಬರೆದರು. ಲೋಬೊ ಸತ್ತ ವರ್ಷವೇ ಅದು.

ಸೀಟನ್ ಅವರ ‘ವೈಲ್ಡ್ ಅನಿಮಲ್ಸ್ ಐ ಹ್ಯಾವ್ ನೋನ್’ 1898ರಲ್ಲಿ ಬಂತು. ಈ ಕಥೆಗಳು ನಿಜ ಅಂತ ಅವರು ಶುರುವಿನಲ್ಲೇ ಹೇಳಿದರು. ಕಟ್ಟುನಿಟ್ಟಾದ ಚರಿತ್ರೆಯ ಗೆರೆಯನ್ನು ಅಲ್ಲಲ್ಲಿ ದಾಟಿದ್ದೇನೆ ಅಂತಲೂ ಜೊತೆಗೇ ಒಪ್ಪಿಕೊಂಡರು. ಜನ ಮುಗಿಬಿದ್ದು ಓದಿದರು. ಆದರೆ ಜಾನ್ ಬರೋಸ್ ಅನ್ನುವ ಹಿರಿಯ ಪ್ರಕೃತಿ ಲೇಖಕರಿಗೆ ಇದು ಸರಿಬರಲಿಲ್ಲ. 1903ರ ಮಾರ್ಚ್‌ನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅವರು ಒಂದು ಬಿಸಿ ಲೇಖನ ಬರೆದರು. ಸೀಟನ್ ಪುಸ್ತಕಕ್ಕೆ ‘ನಾನೊಬ್ಬನೇ ಬಲ್ಲ ಕಾಡುಪ್ರಾಣಿಗಳು’ ಅಂತ ಹೆಸರಿಡಬೇಕಿತ್ತು ಅಂದರು. ಅವರ ಇನ್ನೊಂದು ಗುರಿ ವಿಲಿಯಂ ಲಾಂಗ್. ಕಾಲು ಮುರಿದ ಒಂದು ಹಕ್ಕಿ ಮಣ್ಣು ಮೆತ್ತಿಕೊಂಡು ತಾನೇ ಪಟ್ಟಿ ಹಾಕಿಕೊಂಡಿತು ಅಂತ ಕಣ್ಣಾರೆ ಕಂಡವರಂತೆ ಬರೆದವರು ಈ ಲಾಂಗ್.

ಜಗಳ ವರ್ಷಗಟ್ಟಲೆ ನಡೆಯಿತು. 1907ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಬರೋಸ್ ಪರ ನಿಂತು, ಇಂಥ ಲೇಖಕರನ್ನು ಪ್ರಕೃತಿಯ ನಕಲಿಗಳು ಅಂತ ಕರೆದರು. ಮಕ್ಕಳು ಶಾಲೆಯಲ್ಲಿ ಇಂಥ ಪುಸ್ತಕ ಓದಿ ಸುಳ್ಳನ್ನು ವಿಜ್ಞಾನ ಅಂದುಕೊಳ್ಳುತ್ತಾರೆ ಅನ್ನುವುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಕಂಡೆ ಅಂತ ಹೇಳಿ ಕಲ್ಪಿಸಿ ಬರೆದರೆ ಓದುಗನಿಗಷ್ಟೇ ಅಲ್ಲ, ಆ ಪ್ರಾಣಿಗೂ ಮೋಸ. ಆದರೆ ಬರೋಸ್ ಇನ್ನೊಂದು ತಪ್ಪು ಮಾಡಿದರು. ಕಾಡುಪ್ರಾಣಿಗಳು ಮರಿಗಳಿಗೆ ಏನನ್ನೂ ಕಲಿಸುವುದಿಲ್ಲ, ಎಲ್ಲ ಹುಟ್ಟುಗುಣ ಅಂತ ಹಟ ಹಿಡಿದರು. ಇವತ್ತು ಅದು ನಿಲ್ಲುವುದಿಲ್ಲ. ಸೀಟನ್ ಸುಮ್ನೆ ವಾದಕ್ಕಿಳಿಯದೆ ಕೆಲಸಕ್ಕೆ ಕೂತರು. ಅಮೆರಿಕ ಖಂಡದ ಸಸ್ತನಿಗಳ ಬಗ್ಗೆ ದೊಡ್ಡ ಸಂಪುಟಗಳನ್ನು ಬರೆದರು. ಅದಕ್ಕೆ 1927ರಲ್ಲಿ ಸಿಕ್ಕ ಪದಕದ ಹೆಸರು ಜಾನ್ ಬರೋಸ್ ಪದಕ.

ಈ ಗಲಾಟೆಯ ಪರಿಣಾಮ ಬಹಳ ಕಾಲ ಉಳಿಯಿತು. ಪ್ರಾಣಿಗೆ ಮನಸ್ಸಿದೆ ಅಂತ ಬರೆದರೆ ವಿಜ್ಞಾನಿಯ ಹೆಸರು ಕೆಡುವ ಕಾಲ ಬಂತು. ಮನಸ್ಸಿನ ಮಾತೇ ಬೇಡ, ಕಣ್ಣಿಗೆ ಕಾಣುವ ನಡವಳಿಕೆ ಸಾಕು ಅಂತ 1913ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಸಾರಿದರು.

ವಿಚಿತ್ರ ಅಂದರೆ, ಅದೇ ಕಾಲದಲ್ಲಿ ಪ್ರಾಣಿಯ ಮನಸ್ಸನ್ನು ಗಂಭೀರವಾಗಿ ತಗೊಂಡವರು ಕೋವಿ ಹಿಡಿದವರು. ಹುಲಿ ಮುಂದೆ ಏನು ಮಾಡೀತು ಅನ್ನುವ ಊಹೆ ತಪ್ಪಿದರೆ ಅವರ ಜೀವ ಉಳಿಯುತ್ತಿರಲಿಲ್ಲ. ಜಿಮ್ ಕಾರ್ಬೆಟ್ ಅವರ ‘ಮ್ಯಾನ್ ಈಟರ್ಸ್ ಆಫ್ ಕುಮಾವೂನ್’ 1944ರಲ್ಲಿ ಬಂತು. ಹುಲಿ ಹುಟ್ಟಾ ನರಭಕ್ಷಕ ಅಲ್ಲ ಅನ್ನುವುದೇ ಅದರ ತಿರುಳು. ಗುಂಡಿನ ಗಾಯ, ಚುಚ್ಚಿಕೊಂಡ ಮುಳ್ಳುಹಂದಿಯ ಮುಳ್ಳು, ಮುಪ್ಪು ಇವು ಅದನ್ನು ಆ ದಾರಿಗೆ ತಳ್ಳುತ್ತವೆ. 1907ರಲ್ಲಿ ಅವರು ಕೊಂದ ಚಂಪಾವತ್ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತು ಅನ್ನುವುದು ಆಗಿನ ಲೆಕ್ಕ. ಅದರ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜವಾದ ಬೇಟೆ ಅದಕ್ಕೆ ಸಾಧ್ಯವಿರಲಿಲ್ಲ.

ಆಲ್ಡೊ ಲಿಯೊಪೋಲ್ಡ್ ಅವರದೂ ಕೋವಿಯಿಂದ ಶುರುವಾದ ಕಥೆ. ಅರಣ್ಯ ಇಲಾಖೆಯ ಯುವಕನಾಗಿದ್ದಾಗ ಅವರು ಒಂದು ತೋಳಕ್ಕೆ ಗುಂಡು ಹೊಡೆದರು. ತೋಳ ಕಡಿಮೆಯಾದರೆ ಜಿಂಕೆ ಜಾಸ್ತಿಯಾಗುತ್ತದೆ ಅಂತ ಆಗ ಎಲ್ಲರ ನಂಬಿಕೆ. ಸಾಯುತ್ತಿದ್ದ ಆ ತೋಳದ ಕಣ್ಣಲ್ಲಿ ಹಸಿರು ಬೆಂಕಿ ಆರುವುದನ್ನು ಕಂಡೆ ಅಂತ ಅವರು ಬರೆದರು. ತೋಳ ಹೋದ ಬೆಟ್ಟಗಳಲ್ಲಿ ಜಿಂಕೆಗಳು ಚಿಗುರನ್ನೆಲ್ಲ ತಿಂದು ನೆಲ ಬೋಳಾದದ್ದನ್ನು ಆಮೇಲೆ ಅವರೇ ಕಂಡರು. ಈ ಬರಹ ಇರುವ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಪ್ರಕಟವಾದದ್ದು 1949ರಲ್ಲಿ, ಅವರು ತೀರಿಕೊಂಡ ಮರುವರ್ಷ. ಆ ತೋಳಕ್ಕೆ ಏನನ್ನಿಸಿತು ಅಂತ ಲಿಯೊಪೋಲ್ಡ್ ಹೇಳಲಿಲ್ಲ. ತಮಗೆ ಏನಾಯಿತು ಅಂತಷ್ಟೇ ಹೇಳಿದರು. ಈ ಪುಸ್ತಕಗಳ ಸಾಲಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪುಟ ನಾನು ಓದಿಲ್ಲ.

ವಿಜ್ಞಾನದ ಒಳಗಿನಿಂದಲೇ ಬಾಗಿಲು ತೆರೆದದ್ದು ಹೆಸರುಗಳ ಮೂಲಕ. ಜಪಾನಿನಲ್ಲಿ ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು ಕೋತಿಗಳನ್ನು ಒಂದೊಂದಾಗಿ ಗುರುತಿಸಿ ಹೆಸರಿಟ್ಟಿದ್ದರು. 1953ರಲ್ಲಿ ಕೋಶಿಮಾ ದ್ವೀಪದ ಇಮೊ ಅನ್ನುವ ಎಳೆಯ ಹೆಣ್ಣು ಕೋತಿ ಗೆಣಸನ್ನು ನೀರಲ್ಲಿ ತೊಳೆದು ತಿನ್ನಲು ಶುರುಮಾಡಿತು. ಅದನ್ನು ನೋಡಿ ಉಳಿದವೂ ಕಲಿತವು. ಹೆಸರಿಲ್ಲದಿದ್ದರೆ, ಯಾರು ಶುರುಮಾಡಿದರು, ಯಾರು ಯಾರಿಂದ ಕಲಿತರು ಅಂತ ಬರೆದಿಡುವುದು ಹೇಗೆ?

ಇಂಗ್ಲೆಂಡಿನ ಜೇನ್ ಗುಡಾಲ್ ಚಿಂಪಾಂಜಿಗಳನ್ನು ನೋಡಲು 1960ರಲ್ಲಿ ಈಗಿನ ಟಾಂಜಾನಿಯಾದ ಗೊಂಬೆ ಅನ್ನುವ ಕಾಡಿಗೆ ಹೋದಾಗ ಅವರ ಬಳಿ ಡಿಗ್ರಿ ಇರಲಿಲ್ಲ. ಅದೇ ವರ್ಷ, ಡೇವಿಡ್ ಗ್ರೇಬಿಯರ್ಡ್ ಅಂತ ಅವರು ಹೆಸರಿಟ್ಟ ಚಿಂಪಾಂಜಿ ಹುಲ್ಲುಕಡ್ಡಿ ಹಾಕಿ ಗೆದ್ದಲು ಹಿಡಿಯುವುದನ್ನು ಕಂಡರು. ಆಮೇಲೆ ಕೇಂಬ್ರಿಜ್‌ಗೆ ಪಿಎಚ್.ಡಿ.ಗೆ ಹೋದಾಗ, ಹೆಸರು ಬೇಡ, ನಂಬರ್ ಕೊಡಬೇಕಿತ್ತು ಅಂತ ಬುದ್ಧಿವಾದ ಸಿಕ್ಕಿತು. ಅವರು ಬಗ್ಗಲಿಲ್ಲ. 1971ರ ‘ಇನ್ ದ ಶ್ಯಾಡೋ ಆಫ್ ಮ್ಯಾನ್’ ಓದಿದ ಲಕ್ಷಾಂತರ ಜನಕ್ಕೆ ಚಿಂಪಾಂಜಿಗಳು ಹೆಸರಿನಿಂದಲೇ ಪರಿಚಯವಾದವು.

ಹೆಸರಿಟ್ಟರೆ ಪ್ರಾಣಿಯನ್ನು ಮುದ್ದು ಮಾಡಿ ಬರೆಯುತ್ತಾರೆ ಅನ್ನುವುದು ಟೀಕಾಕಾರರ ಭಯ. ಗೊಂಬೆಯಲ್ಲಿ ಆದದ್ದು ಬೇರೆ. 1974ರಿಂದ 1978ರವರೆಗೆ ಅಲ್ಲಿ ಒಂದು ಗುಂಪಿನ ಗಂಡುಗಳು, ತಮ್ಮಿಂದ ಬೇರೆಯಾಗಿ ಹೋದ ಗುಂಪನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೊಡೆದವು. ಸತ್ತವರಲ್ಲಿ ಗೋಲಿಯಾತ್ ಇದ್ದ. ಅವನನ್ನು ಗುಡಾಲ್ ಮೊದಲ ವರ್ಷಗಳಿಂದ ಬಲ್ಲವರಾಗಿದ್ದರು. ಕೊಂದವರು ಅವನ ಹಳೆಯ ಒಡನಾಡಿಗಳು. 1990ರ ‘ಥ್ರೂ ಎ ವಿಂಡೋ’ದಲ್ಲಿ ಇದೆಲ್ಲ ಇದೆ, ಏನನ್ನೂ ಮುಚ್ಚಿಡದೆ. ಬಾಳೆಹಣ್ಣು ಕೊಟ್ಟು ಅಭ್ಯಾಸ ಮಾಡಿಸಿದ್ದರಿಂದಲೇ ಇಷ್ಟು ಜಗಳ ಅಂತ ಕೆಲವರು ದೂರಿದರು. ಆ ದೂರು ಕೇಳಲೇಬೇಕಾದದ್ದು. ಆದರೆ 2014ರಲ್ಲಿ ಆಫ್ರಿಕದ 18 ಚಿಂಪಾಂಜಿ ಗುಂಪುಗಳ ದಾಖಲೆ ಸೇರಿಸಿ ನೋಡಿದ ಅಧ್ಯಯನಕ್ಕೆ, ಇಂಥ ಕೊಲೆಗಳಿಗೂ ಮನುಷ್ಯರ ಹಸ್ತಕ್ಷೇಪಕ್ಕೂ ನಂಟು ಕಾಣಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಕೆನಡಾದ ಲೇಖಕ ಫಾರ್ಲಿ ಮೋವಟ್ ಅವರ 1963ರ ‘ನೆವರ್ ಕ್ರೈ ವುಲ್ಫ್’. ತೋಳಗಳ ಮೇಲೆ ಜನರಿಗಿದ್ದ ದ್ವೇಷ ಕಡಿಮೆಯಾಗಲು ಅದು ನೆರವಾಯಿತು. ಆದರೆ ಅದರಲ್ಲಿ ಬಹಳಷ್ಟು ಕಟ್ಟುಕಥೆ ಅಂತ ಕೆನಡಾದ ವನ್ಯಜೀವಿ ತಜ್ಞರು ಆಗಲೇ ಹೇಳಿದ್ದರು. ತೋಳಕ್ಕೆ ಒಳ್ಳೆಯದಾಯಿತಲ್ಲ, ಬಿಡಿ ಅನ್ನುವವರಿದ್ದಾರೆ. ನನಗೆ ಒಪ್ಪಲಾಗುವುದಿಲ್ಲ. ಕಾದಂಬರಿ ಅಂತ ಕೊಟ್ಟಿದ್ದರೆ ತಕರಾರಿಲ್ಲ, ಸೀವೆಲ್ ಮಾಡಿದ್ದು ಅದನ್ನೇ. ಕಂಡದ್ದು ಅಂತ ಹೇಳಿ ಕೊಟ್ಟರೆ, ಸುಳ್ಳು ಬಯಲಾದ ದಿನ ತೋಳದ ಪರವಾಗಿ ಹೇಳಿದ ನಿಜವನ್ನೂ ಜನ ನಂಬುವುದಿಲ್ಲ.

ಈಗ ಅದೇ ಜಗಳ ಮರಗಳ ಕಡೆಗೆ ಹೊರಳಿದೆ. 2015ರಲ್ಲಿ ಜರ್ಮನಿಯ ಪೀಟರ್ ವೋಲೆಬೆನ್, ಮರಗಳು ಮಾತಾಡಿಕೊಳ್ಳುತ್ತವೆ, ಮರಿಗಿಡಗಳನ್ನು ಸಾಕುತ್ತವೆ ಅಂತ ಬರೆದ ಪುಸ್ತಕ ಜಗತ್ತಿನಾದ್ಯಂತ ಮಾರಾಟವಾಯಿತು. 2021ರಲ್ಲಿ ಸುಜಾನ್ ಸಿಮಾರ್ಡ್ ಅವರ ‘ಫೈಂಡಿಂಗ್ ದ ಮದರ್ ಟ್ರೀ’ ಬಂತು. ಮರಗಳ ಬೇರುಗಳನ್ನು ಜೋಡಿಸುವ ಮಣ್ಣೊಳಗಿನ ಶಿಲೀಂಧ್ರಗಳ ಜಾಲದ ಮೇಲೆ ಅವರು ದಶಕಗಳ ಕಾಲ ನಿಜವಾದ ಕೆಲಸ ಮಾಡಿದವರು. ಆದರೂ 2023ರಲ್ಲಿ ಅದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನು ಮತ್ತೆ ಪರಿಶೀಲಿಸಿ ನೋಡಿದರು. ದೊಡ್ಡ ಮರ ತನ್ನ ಸಂತಾನವನ್ನು ಆರಿಸಿ ಈ ಜಾಲದ ಮೂಲಕ ಪೋಷಿಸುತ್ತದೆ ಅನ್ನುವ ಜನಪ್ರಿಯ ಮಾತಿಗೆ ಕಾಡಿನಲ್ಲಿ ನಡೆಸಿದ ಪ್ರಯೋಗಗಳ ಆಧಾರ ಸಿಗಲಿಲ್ಲ ಅಂತ ಬರೆದರು. ಅವರಲ್ಲಿ ಒಬ್ಬರು ಹಿಂದೆ ಸಿಮಾರ್ಡ್ ಜೊತೆಗೇ ಸಂಶೋಧನೆ ಮಾಡಿದ್ದವರು.