ನಂಬರ್ ಎಷ್ಟು ಬಂತು?

ರಾತ್ರಿ ಹನ್ನೊಂದೂವರೆ. ಮೈಸೂರಿನ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ನನಗೆ ನೈಟ್ ಡ್ಯೂಟಿ. ಕಿಟಕಿ ಹತ್ತಿರ ಮಂಡ್ಯ ಕಡೆಯ ಹುಡುಗನೊಬ್ಬ ನಿಂತಿದ್ದ. ಕಬ್ಬು ಕಡಿಯುವಾಗ ಅವನ ಅಪ್ಪನ ಕಾಲಿಗೆ ಮಚ್ಚು ತಗುಲಿತ್ತು, ಶುಗರ್ ಬೇರೆ ಇತ್ತು, ಅರಿಶಿನ ಮೆತ್ತಿಕೊಂಡು ನಾಲ್ಕು ದಿನ ಹಾಗೇ ಓಡಾಡಿದ್ದರಂತೆ. ಈಗ ಐಸಿಯುನಲ್ಲಿದ್ದಾರೆ.

"ಅಣ್ಣ, ನಂಬರ್ ಎಷ್ಟ್ ಬಂತಣ್ಣ?"

ಅವನು ಕೇಳಿದ್ದು ಪ್ರೊಕ್ಯಾಲ್ಸಿಟೋನಿನ್ ಬಗ್ಗೆ, ಸೋಂಕು ಜೋರಾದಾಗ ರಕ್ತದಲ್ಲಿ ಏರುವ ಒಂದು ಅಂಶ ಅದು. 38 ಬಂದಿತ್ತು. ಆರೋಗ್ಯವಾಗಿರುವವರಲ್ಲಿ ಮಿಲಿಲೀಟರಿಗೆ 0.1 ನ್ಯಾನೋಗ್ರಾಂ ಕೂಡ ಇರುವುದಿಲ್ಲ.

ನಮ್ಮ ಕಡೆ ಇಂಥ ಸ್ಥಿತಿಗೆ "ನಂಜು ಏರಿದೆ" ಅಂತಾರೆ. ವೈದ್ಯರು ಸೆಪ್ಸಿಸ್ ಅಂತಾರೆ. ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ ಹಿಡಿತ ತಪ್ಪಿ, ಅದೇ ಕಿಡ್ನಿ, ಶ್ವಾಸಕೋಶ, ಲಿವರ್‌ಗಳನ್ನು ಕೆಡಿಸತೊಡಗಿ ಜೀವಕ್ಕೆ ಕುತ್ತು ಬಂದರೆ ಅದು ಸೆಪ್ಸಿಸ್ ಅನ್ನುವುದು 2016ರಿಂದ ಒಪ್ಪಿಕೊಂಡಿರುವ ವ್ಯಾಖ್ಯಾನ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಇದಕ್ಕೆ ಸಂಬಂಧಿಸಿದ ಸಾವು ಸುಮಾರು 1.1 ಕೋಟಿ ಅಂತ ಅಂದಾಜು.

ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಬ್ಲಡ್ ಕಲ್ಚರ್ ಮಾಡುತ್ತೇವೆ. ಬಾಟಲಿಗೆ ಎಂಟು ಹತ್ತು ಎಂಎಲ್ ರಕ್ತ ಹಾಕಿ ಮೆಷಿನ್‌ನಲ್ಲಿ ಬೆಚ್ಚಗಿಟ್ಟು ಕಾಯಬೇಕು. ಬ್ಯಾಕ್ಟೀರಿಯಾ ಬೆಳೆದರೆ ಅದು ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಬಾಟಲಿಯ ತಳದ ಬಣ್ಣ ಬದಲಾಗುತ್ತದೆ. ಅದಕ್ಕೆ ಒಂದು ದಿನ, ಎರಡು ದಿನ ಬೇಕು, ಎಷ್ಟೋ ರೋಗಿಗಳಲ್ಲಿ ಕೊನೆಗೂ ಏನೂ ಬೆಳೆಯುವುದಿಲ್ಲ. ಐಸಿಯುನಲ್ಲಿ ಅಷ್ಟು ಹೊತ್ತು ಯಾರಿಗಿದೆ?

ಅದಕ್ಕೇ ರಕ್ತದಲ್ಲಿ ಬೇರೆ ಸುಳಿವು ಹುಡುಕುತ್ತೇವೆ. ದೇಹ ಸಂಕಟಕ್ಕೆ ಸಿಕ್ಕಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಎಷ್ಟಿದೆ ಅಂತ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಲೀಟರಿಗೆ 2 ಮಿಲಿಮೋಲ್ ದಾಟಿ, ಜೊತೆಗೆ ಡ್ರಿಪ್ ಕೊಟ್ಟರೂ ಬಿಪಿ ನಿಲ್ಲದೆ ಅದಕ್ಕೇ ಬೇರೆ ಔಷಧಿ ಬೇಕಾದರೆ ಸೆಪ್ಟಿಕ್ ಶಾಕ್. ಸಿಆರ್‌ಪಿ ಅನ್ನುವ ಪ್ರೋಟೀನ್ 1930ರಲ್ಲೇ ಪತ್ತೆಯಾದದ್ದು, ಲಿವರ್ ತಯಾರಿಸುತ್ತದೆ. ಆದರೆ ಏರುವುದು ನಿಧಾನ, ಮತ್ತು ಎಲ್ಲಿ ಉರಿಯೂತ ಆದರೂ ಏರಿಬಿಡುತ್ತದೆ.

ಪ್ರೊಕ್ಯಾಲ್ಸಿಟೋನಿನ್ ಕಥೆ ನನಗೆ ತುಂಬಾ ಇಷ್ಟ. ಅದು ಕ್ಯಾಲ್ಸಿಟೋನಿನ್ ಅನ್ನುವ ಹಾರ್ಮೋನಿನ ಕಚ್ಚಾ ರೂಪ, ಸಾಮಾನ್ಯವಾಗಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುತ್ತದೆ. ಬ್ಯಾಕ್ಟೀರಿಯಾ ದಾಳಿ ಜೋರಾದರೆ ಲಿವರ್, ಶ್ವಾಸಕೋಶ, ಕೊಬ್ಬಿನ ಜೀವಕೋಶಗಳು, ಹೀಗೆ ಮೈಯ ನಾನಾ ಭಾಗಗಳು ಅದನ್ನು ಸುರಿಯತೊಡಗುತ್ತವೆ. ಕೆಲವೇ ಗಂಟೆಯಲ್ಲಿ ರಕ್ತದಲ್ಲಿ ಕಾಣುತ್ತದೆ. ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಸೋಂಕು ತೀವ್ರವಾದ ಮಕ್ಕಳಲ್ಲಿ ಇದು ವಿಪರೀತ ಏರಿರುವುದನ್ನು 1993ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು.

ಹಾಗಂತ ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ದೊಡ್ಡ ಆಪರೇಷನ್, ಸುಟ್ಟ ಗಾಯ, ಆ್ಯಕ್ಸಿಡೆಂಟ್ ಆದರೂ ಏರುತ್ತದೆ. ಸೋಂಕು ಶುರುವಾದ ಮೊದಲ ಗಂಟೆಗಳಲ್ಲಿ ಕಮ್ಮಿ ಇದ್ದು ದಾರಿ ತಪ್ಪಿಸಲೂಬಹುದು. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಆಂಟಿಬಯಾಟಿಕ್ ಶುರು ಮಾಡಲು ಇದನ್ನು ನೆಚ್ಚಿಕೊಳ್ಳಬೇಡಿ ಅನ್ನುತ್ತದೆ. ಸೆಪ್ಟಿಕ್ ಶಾಕ್ ಅನುಮಾನ ಬಂದರೆ ಒಂದು ಗಂಟೆಯೊಳಗೆ ಔಷಧಿ ಬೀಳಬೇಕು, ನನ್ನ ರಿಪೋರ್ಟ್‌ಗೆ ಕಾಯಬಾರದು. ಆ ಹುಡುಗನ ಅಪ್ಪನಿಗೂ ಡಾಕ್ಟರು ಕಾಯಲಿಲ್ಲ. ಉಸಿರು ಜೋರಾಗಿತ್ತು, ಬಿಪಿ ಬಿದ್ದಿತ್ತು, ಮಾತು ತೊದಲುತ್ತಿತ್ತು. ಅಷ್ಟು ಸಾಕಾಗಿತ್ತು.

ಹಾಗಾದರೆ ಈ ನಂಬರ್ ಯಾಕೆ? ಔಷಧಿ ಯಾವಾಗ ನಿಲ್ಲಿಸಬಹುದು ಅಂತ ತಿಳಿಯೋಕೆ. ಸೋಂಕು ಹತೋಟಿಗೆ ಬಂದರೆ ಪ್ರೊಕ್ಯಾಲ್ಸಿಟೋನಿನ್ ಹೆಚ್ಚುಕಡಿಮೆ ದಿನಕ್ಕೆ ಅರ್ಧದಂತೆ ಇಳಿಯುತ್ತದೆ. 38 ಇದ್ದದ್ದು ಮರುದಿನ 21, ಆಮೇಲೆ 11, ನಾಲ್ಕನೇ ದಿನ 6. ತುತ್ತತುದಿಯಿಂದ ಶೇಕಡ 80 ಇಳಿದರೆ, ಇಲ್ಲವೇ 0.5ಕ್ಕೆ ಬಂದರೆ, ರೋಗಿಯೂ ಚೇತರಿಸಿಕೊಳ್ಳುತ್ತಿದ್ದರೆ, ಆಂಟಿಬಯಾಟಿಕ್ ನಿಲ್ಲಿಸಬಹುದು ಅನ್ನುವ ಲೆಕ್ಕವನ್ನು ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ರೋಗಿಗಳಿಗೆ ತೊಂದರೆ ಆಗಲಿಲ್ಲ, ಔಷಧಿಯ ದಿನಗಳು ಕಮ್ಮಿಯಾದವು. ಬೇಡದ ಆಂಟಿಬಯಾಟಿಕ್ ಜಾಸ್ತಿ ದಿನ ಕೊಟ್ಟಷ್ಟೂ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಅದೇ ವಾರ್ಡಿನಲ್ಲಿ ಬೆಳೆಯುತ್ತವೆ ಅಲ್ವಾ?

ಡಾಕ್ಟರು ಔಷಧಿ ನಿಲ್ಲಿಸಿದ ದಿನ ಹುಡುಗ ಗಾಬರಿಯಾಗಿ ಬಂದ. "ಯಾಕಣ್ಣ ನಿಲ್ಲಿಸ್ಬುಟ್ರು? ದುಡ್ಡು ಕಟ್ಟಿದೀವಲ್ಲ!" ಬಿಲ್ಲಿನ ಹಿಂದೆ ನಾಲ್ಕೂ ನಂಬರ್ ಬರೆದು ಇಳಿದು ಬಂದ ದಾರಿ ತೋರಿಸಿದೆ. ಸುಮಾರು ಹೊತ್ತು ನೋಡಿದ. ಆಮೇಲೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಅಪ್ಪನ ಕಾಲಿನ ಡ್ರೆಸ್ಸಿಂಗ್‌ಗೆ ಹತ್ತಿ, ಬ್ಯಾಂಡೇಜ್ ತರಲು ಮೆಡಿಕಲ್ ಶಾಪ್ ಕಡೆ ಹೋದ.