ರೋಮನ್ ಅಂಕಿ ಬರಿಯೋಕೆ ರೂಲ್ಸ್ ಬಾಯಿಪಾಠ ಬೇಡ, ಸ್ಥಾನಬೆಲೆ ಗೊತ್ತಿದ್ರೆ ಸಾಕು

49ನ್ನ ರೋಮನ್ ಅಂಕಿಲಿ ಬರೀರಿ ಅಂತ ಬೋರ್ಡ್ ಮೇಲೆ ಹಾಕಿದ್ರೆ ಆರನೇ ಕ್ಲಾಸಲ್ಲಿ ಸುಮಾರು ಮಕ್ಕಳು ಸೀದಾ ಐ-ಎಲ್ ಅಂತ ಬರ್ದು ಪೆನ್ ಕೆಳಗಿಡ್ತಾರೆ. ತಪ್ಪು ಅಂದ್ರೆ ನಮ್ಮ ಮುಖನೇ ನೋಡ್ತಾರೆ, ಯಾಕಂದ್ರೆ ಎಲ್ ಅಂದ್ರೆ 50, ಐ ಅಂದ್ರೆ 1, ಚಿಕ್ಕದು ಎಡಗಡೆ ಬಂದ್ರೆ ಕಳೀಬೇಕು ಅಂತ ಹೇಳ್ಕೊಟ್ಟಿದ್ದು ನಾವೇ ತಾನೆ, 50ರಲ್ಲಿ 1 ಹೋದ್ರೆ 49, ಇನ್ನೇನು ಬೇಕು? ಮಗು ಲಾಜಿಕ್ ಸರಿಯಾಗೇ ಇದೆ, ನಾವು ಕೊಟ್ಟ ರೂಲೇ ಅರ್ಧಂಬರ್ಧ.

ಆಮೇಲೆ ಅದಕ್ಕೆ ತೇಪೆ ಹಾಕೋಕೆ ಶುರು ಮಾಡ್ತೀವಿ. ಐನ್ನ ವಿ ಮತ್ತೆ ಎಕ್ಸ್‌ನಿಂದ ಮಾತ್ರ ಕಳೀಬೋದು, ಎಕ್ಸ್‌ನ ಎಲ್ ಮತ್ತೆ ಸಿಯಿಂದ ಮಾತ್ರ, ಸಿನ ಡಿ ಮತ್ತೆ ಎಂನಿಂದ ಮಾತ್ರ, ವಿ, ಎಲ್, ಡಿ ಇವನ್ನ ಕಳಿಯೋ ಹಾಗೂ ಇಲ್ಲ ಎರಡು ಸಲ ಬರಿಯೋ ಹಾಗೂ ಇಲ್ಲ, ಯಾವ ಅಕ್ಷರನೂ ಸಾಲಾಗಿ ಮೂರಕ್ಕಿಂತ ಜಾಸ್ತಿ ಬರೋ ಹಾಗಿಲ್ಲ. ಗೈಡ್‌ಗಳಲ್ಲಿ ಇದನ್ನ ಬಾಕ್ಸ್ ಹಾಕಿ ಕೊಟ್ಟಿರ್ತಾರೆ, ಮಕ್ಕಳು ಉರು ಹೊಡಿತಾರೆ, ಟೆಸ್ಟ್ ಮುಗಿದ ವಾರಕ್ಕೆ ಮರೀತಾರೆ. ಇಷ್ಟು ವರ್ಷ ಹೈಸ್ಕೂಲ್‌ನಲ್ಲಿ ಗಣಿತ ಪಾಠ ಮಾಡಿ ನಂಗೆ ಅನ್ಸಿರೋದು ಏನಪ್ಪಾ ಅಂದ್ರೆ ಈ ಬಾಕ್ಸೇ ಬೇಡ. ಮಕ್ಕಳಿಗೆ ಆಗಲೇ ಗೊತ್ತಿರೋ ಬಿಡಿ, ಹತ್ತು, ನೂರು ಇಟ್ಕೊಂಡು ಹೋದ್ರೆ ಆ ರೂಲ್ಸ್ ಎಲ್ಲಾ ತಾನಾಗೇ ಬಂದ್ಬಿಡುತ್ತೆ.

ಇಲ್ಲಿ ನಾನು ಅಕ್ಷರಗಳ ಹೆಸರು ಮಾತ್ರ ಬರೀತೀನಿ, ಕ್ಲಾಸಲ್ಲಿ ಕೂಗಿ ಹೇಳೋ ಹಾಗೆ. ನೀವು ಪಕ್ಕದಲ್ಲಿ ಒಂದು ಹಾಳೆ ಇಟ್ಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಹೋಗಿ, ಕೈ ಓಡಿದ್ರೇನೇ ಇದು ತಲೆಗೆ ಹತ್ತೋದು.

ಇರೋದೇ ಏಳು ಅಕ್ಷರ: ಐ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಇದನ್ನ ಏಳಾಗಿ ನೋಡ್ಬೇಡಿ, ಮೂರು ಮೂರರ ಸೆಟ್ ಮಾಡ್ಕೊಳಿ. ಬಿಡಿ ಸ್ಥಾನಕ್ಕೆ ಐ, ವಿ, ಎಕ್ಸ್. ಹತ್ತರ ಸ್ಥಾನಕ್ಕೆ ಎಕ್ಸ್, ಎಲ್, ಸಿ. ನೂರರ ಸ್ಥಾನಕ್ಕೆ ಸಿ, ಡಿ, ಎಂ. ಪ್ರತಿ ಸೆಟ್ಟಲ್ಲೂ ಒಂದು, ಐದು, ಹತ್ತು ಅಷ್ಟೇ. ಈಗ 1ರಿಂದ 9ರ ತನಕ ಒಂದೇ ಒಂದು ಸಲ ಕಲಿಬೇಕು: ಮೂರರ ತನಕ "ಒಂದು"ನೇ ಸಾಲಾಗಿ ಬರಿಯೋದು, ನಾಲ್ಕಕ್ಕೆ "ಐದು"ರ ಎಡಕ್ಕೆ ಒಂದು, ಐದಕ್ಕೆ ಅದೇ ಅಕ್ಷರ, ಆರು ಏಳು ಎಂಟಕ್ಕೆ ಐದರ ಬಲಕ್ಕೆ ಒಂದೊಂದೇ ಸೇರಿಸ್ತಾ ಹೋಗೋದು, ಒಂಬತ್ತಕ್ಕೆ "ಹತ್ತು"ರ ಎಡಕ್ಕೆ ಒಂದು. ಹತ್ತರ ಸ್ಥಾನದಲ್ಲೂ ಇದೇ ಚಿತ್ರ, ನೂರರಲ್ಲೂ ಇದೇ, ಅಕ್ಷರ ಮಾತ್ರ ಬೇರೆ.

ಈಗ 49ಕ್ಕೆ ವಾಪಸ್ ಬನ್ನಿ. ಹತ್ತರ ಸ್ಥಾನದಲ್ಲಿ 4, ಅಂದ್ರೆ ಎಕ್ಸ್-ಎಲ್. ಬಿಡಿ ಸ್ಥಾನದಲ್ಲಿ 9, ಅಂದ್ರೆ ಐ-ಎಕ್ಸ್. ಜೋಡ್ಸಿದ್ರೆ ಎಕ್ಸ್-ಎಲ್-ಐ-ಎಕ್ಸ್. ಐ-ಎಲ್ ಅನ್ನೋದು ಹುಟ್ಟೋಕೆ ಜಾಗನೇ ಇಲ್ಲ, ಯಾಕಂದ್ರೆ ಬಿಡಿ ಸ್ಥಾನದ ಅಕ್ಷರ ಹತ್ತರ ಸೆಟ್ಟಿನ ಎಲ್ ಹತ್ರ ಹೋಗಿ ಕಳಿಯೋಕೆ ಆಗಲ್ಲ. 99ಕ್ಕೆ ಐ-ಸಿ ಅಂತ ಬರಿಯೋದೂ ಇದೇ ಕಾಯಿಲೆ, ಸರಿ ಉತ್ತರ ಎಕ್ಸ್-ಸಿ-ಐ-ಎಕ್ಸ್.

ಇಸವಿ ಬರಿಯೋವಾಗ ಕನ್ನಡ ಮೀಡಿಯಂ ಮಕ್ಕಳಿಗೆ ಒಂದು ಅನುಕೂಲ ಇದೆ. 1956ನ್ನ ಜೋರಾಗಿ ಓದಿ ನೋಡಿ, ಸಾವಿರದ ಒಂಬೈನೂರ ಐವತ್ತಾರು, ಓದ್ತಾನೇ ಸ್ಥಾನಗಳು ಬಿಡಿಬಿಡಿಯಾಗಿ ಬಿದ್ವು. ಸಾವಿರ ಎಂ, ಒಂಬೈನೂರು ಸಿ-ಎಂ, ಐವತ್ತು ಎಲ್, ಆರು ವಿ-ಐ, ಎಂ-ಸಿ-ಎಂ-ಎಲ್-ವಿ-ಐ, ಮುಗೀತು. ಇಂಗ್ಲಿಷ್ ಮೀಡಿಯಂ ಮಗು ಅದನ್ನೇ ನೈನ್ಟೀನ್ ಫಿಫ್ಟಿ ಸಿಕ್ಸ್ ಅಂತ ಓದಿ, ನೈನ್ಟೀನ್‌ಗೆ ಎಕ್ಸ್-ಐ-ಎಕ್ಸ್ ಬರ್ದು, ಮುಂದೇನು ಅಂತ ಸಿಕ್ಕಾಕೊಂಡಿರುತ್ತೆ. ಆ ಮಗುಗೂ ಕನ್ನಡದಲ್ಲಿ ಓದು ಅನ್ನಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ 1973 ಇದೇ ತರ ಎಂ-ಸಿ-ಎಂ-ಎಲ್-ಎಕ್ಸ್-ಎಕ್ಸ್-ಐ-ಐ-ಐ ಆಗುತ್ತೆ.

ಸೊನ್ನೆ ಬಂದ್ರೆ? 205ಕ್ಕೆ ಸಿ-ಸಿ ಬರ್ದು ಮಧ್ಯ ಒಂದು ಸೊನ್ನೆ ಸುತ್ತಿ ಆಮೇಲೆ ವಿ ಹಾಕೋ ಮಕ್ಕಳಿದಾರೆ, ನಗ್ಬೇಡಿ, ಅವರು ಸ್ಥಾನಬೆಲೆನ ಸೀರಿಯಸ್ಸಾಗಿ ತಗೊಂಡಿದಾರೆ ಅಂತ ಅರ್ಥ. ರೋಮನ್ ಪದ್ಧತಿಲಿ ಸೊನ್ನೆಗೆ ಗುರುತೇ ಇಲ್ಲ, ಬೇಕಾಗೂ ಇಲ್ಲ. ನಮ್ಮ 205ರಲ್ಲಿ ಸೊನ್ನೆ ತೆಗೆದ್ರೆ 2 ಜರುಗಿ ಹತ್ತರ ಮನೆಗೆ ಬಂದ್ಬಿಡುತ್ತೆ, ಅಲ್ಲಿ ಸಿ ಎಲ್ಲಿದ್ರೂ ನೂರೇ, ಸಿ-ಸಿ-ವಿ ಅಂದ್ರೆ ಸಾಕು.

ಹಂಗಾದ್ರೆ ಇದ್ರಲ್ಲಿ ಗುಣಾಕಾರ ಹೆಂಗೆ ಮಾಡ್ತಿದ್ರು ಅಂತ ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ಕೇಳ್ತಾರೆ, ಒಳ್ಳೆ ಪ್ರಶ್ನೆ. ಬರ್ದು ಮಾಡ್ತಿರಲಿಲ್ಲ. ಲೆಕ್ಕ ನಡೀತಿದ್ದಿದ್ದು ಹಲಗೆ ಮೇಲೆ ಕಲ್ಲಿಟ್ಟು, ಇಲ್ಲಾ ಅಬಾಕಸ್ ಮೇಲೆ, ಈ ಅಕ್ಷರಗಳು ಬಂದ ಉತ್ತರನ ಬರ್ದಿಡೋಕೆ ಮಾತ್ರ. ರೋಮನ್ನರ ಅಂಗೈ ಅಗಲದ ಅಬಾಕಸ್ ಇದೆಯಲ್ಲ, ಅದ್ರಲ್ಲಿ ಬಿಡಿ, ಹತ್ತು, ನೂರು ಹೀಗೆ ಒಂದೊಂದಕ್ಕೂ ಒಂದು ಸಾಲು, ಪ್ರತಿ ಸಾಲಲ್ಲಿ ಕೆಳಗೆ ನಾಲ್ಕು ಮಣಿ, ಮೇಲೆ ಒಂದು ಮಣಿ. ಕೆಳಗಿನ ಮಣಿ ಒಂದೊಂದು, ಮೇಲಿಂದು ಐದು. 7 ತೋರ್ಸಬೇಕಂದ್ರೆ ಮೇಲಿನ ಮಣಿ ಒಂದು, ಕೆಳಗಿನ್ವು ಎರಡು ಸರಿಸ್ಬೇಕು, ನೋಡಿ, ವಿ-ಐ-ಐ! 70ಕ್ಕೆ ಪಕ್ಕದ ಸಾಲಲ್ಲಿ ಅದೇ ಮಣಿಗಳು, ಎಲ್-ಎಕ್ಸ್-ಎಕ್ಸ್. ಈ ಒಂದು ಸಂಗತಿ ತೋರಿಸಿದ್ರೆ ಮಕ್ಕಳಿಗೆ ಥಟ್ ಅಂತ ಹೊಳಿಯುತ್ತೆ, ವಿ ಯಾಕೆ ಎರಡು ಸಲ ಬರಲ್ಲ ಅನ್ನೋದೂ ಗೊತ್ತಾಗುತ್ತೆ, ಐದರ ಮಣಿ ಇರೋದೇ ಒಂದು.

ಯುರೋಪಿಗೆ ನಮ್ಮ ಕಡೆ ಅಂಕಿಗಳು ಅರಬ್ಬರ ಮೂಲಕ ಹೋದ್ವು, ಇಟಲಿಯ ಗಣಿತಜ್ಞ ಫಿಬೊನಾಚಿ 1202ರಲ್ಲಿ ಅವನ್ನ ವಿವರಿಸಿ ಪುಸ್ತಕನೇ ಬರ್ದ, ಆದ್ರೂ 1299ರಲ್ಲಿ ಫ್ಲಾರೆನ್ಸ್‌ನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಹೊಸ ಅಂಕಿ ಬಳಸ್ಬೇಡಿ ಅಂತ ಕಟ್ಟಳೆ ಮಾಡ್ತು. ಬ್ಯಾಂಕ್‌ನೋರು ಎಲ್ಲಾ ಕಾಲದಲ್ಲೂ ಒಂದೇ ತರ.

ಇನ್ನೊಂದು ಮಜಾ ಏನಂದ್ರೆ ನಾವು ಪರೀಕ್ಷೆಲಿ ಮಾರ್ಕ್ಸ್ ಕಟ್ ಮಾಡೋ ಈ ರೂಲ್ಸ್‌ನ ರೋಮನ್ನರೇ ಪಾಲಿಸ್ತಿರಲಿಲ್ಲ. ರೋಮ್‌ನ ಕೊಲೊಸಿಯಂನಲ್ಲಿ ಪ್ರವೇಶದ್ವಾರಗಳ ಮೇಲೆ ನಂಬರ್ ಕೆತ್ತಿದಾರೆ, 44ನೇ ಬಾಗಿಲ ಮೇಲೆ ಎಕ್ಸ್-ಎಲ್ ಆದ್ಮೇಲೆ ಸಾಲಾಗಿ ನಾಲ್ಕು ಐ ಇದೆ. ಅಂದ್ರೆ 40ಕ್ಕೆ ಕಳೆದಿದಾರೆ, 4ಕ್ಕೆ ಕಳೆದಿಲ್ಲ, ಒಂದೇ ಕಲ್ಲಲ್ಲಿ ಎರಡೂ ಪದ್ಧತಿ. ಕ್ರಿ.ಶ. 9ರಲ್ಲಿ ಜರ್ಮನಿ ಕಾಡಲ್ಲಿ ಮೂರು ರೋಮನ್ ಲೀಜನ್‌ಗಳು, ಅಂದ್ರೆ ಸೈನ್ಯದ ದೊಡ್ಡ ತುಕಡಿಗಳು, ಸರ್ವನಾಶ ಆದ್ವಲ್ಲ, ಆ ಯುದ್ಧದಲ್ಲಿ ಸತ್ತ ಮಾರ್ಕಸ್ ಕೇಲಿಯಸ್ ಅನ್ನೋ ಅಧಿಕಾರಿಯ ಸ್ಮಾರಕದ ಕಲ್ಲು ಸಿಕ್ಕಿದೆ, ಅದ್ರಲ್ಲಿ ಅವನ 18ನೇ ಲೀಜನ್‌ನ ಎಕ್ಸ್-ಐ-ಐ-ಎಕ್ಸ್ ಅಂತ ಕೆತ್ತಿದಾರೆ, ಇಪ್ಪತ್ತಕ್ಕೆ ಎರಡು ಕಮ್ಮಿ! ಅಷ್ಟು ಹಿಂದೆ ಯಾಕೆ, ಲಂಡನ್‌ನ ಅಡ್ಮಿರಾಲ್ಟಿ ಆರ್ಚ್ ಮೇಲೆ 1910ನ್ನ ಎಂ, ಡಿ, ನಾಲ್ಕು ಸಿ, ಎಕ್ಸ್ ಅಂತ ಬರ್ದಿದಾರೆ. ನಮ್ಮ ಹುಡುಗ್ರು ಬರಿಬೇಕಾಗಿರೋದು ಎಂ-ಸಿ-ಎಂ-ಎಕ್ಸ್, ಪೇಪರ್ ನೋಡೋರ ಹತ್ರ ಅಡ್ಮಿರಾಲ್ಟಿ ಆರ್ಚ್ ಕತೆ ನಡಿಯಲ್ಲ.

ಗೋಡೆ ಗಡಿಯಾರದಲ್ಲಿ 4ಕ್ಕೆ ನಾಲ್ಕು ಐ ಇರೋದೂ ಇದೇ ಹಳೇ ಜಾತಿ. ಕಾರಣ ಅಂತ ಹತ್ತು ಕತೆ ಓಡಾಡುತ್ವೆ, ನಂಗೆ ಇಷ್ಟ ಆಗೋದು ಅಂದದ ಲೆಕ್ಕ: ಹಂಗೆ ಬರ್ದ್ರೆ ಮೊದಲ ನಾಲ್ಕು ಗಂಟೆಗೆ ಬರೀ ಐ, ಮುಂದಿನ ನಾಲ್ಕರಲ್ಲಿ ವಿ, ಕೊನೆ ನಾಲ್ಕರಲ್ಲಿ ಎಕ್ಸ್, ಡಯಲ್ ಮೂರು ಸಮ ಭಾಗ ಆಗುತ್ತೆ. ಎಲ್ಲಾ ಗಡಿಯಾರನೂ ಹಂಗಿಲ್ಲ, ಲಂಡನ್‌ನ ಬಿಗ್ ಬೆನ್‌ನಲ್ಲಿ ಐ-ವಿನೇ ಇದೆ.

ಬರಿಯೋದಕ್ಕಿಂತ ಓದೋದು ದೊಡ್ಡೋರಿಗೂ ಬೇಕಾಗುತ್ತೆ. ಕೆಪಿಎಸ್‌ಸಿ ಓದೋರು ಕೇಳ್ತಿರ್ತಾರೆ, ಸಂವಿಧಾನದಲ್ಲಿ ಅನುಚ್ಛೇದಗಳಿಗೆ ಮಾಮೂಲಿ ಅಂಕಿ, ಭಾಗಗಳಿಗೆ ರೋಮನ್. ಮೂಲಭೂತ ಹಕ್ಕು ಐ-ಐ-ಐ, ತುರ್ತು ಪರಿಸ್ಥಿತಿ ಎಕ್ಸ್-ವಿ-ಐ-ಐ-ಐ, ಕಲ್ಯಾಣ ಕರ್ನಾಟಕದ 371ಜೆ ಇರೋದು ಎಕ್ಸ್-ಎಕ್ಸ್-ಐರಲ್ಲಿ. ಮೊದಲು ಹತ್ತುಗಳನ್ನ ಬೇರೆ ಮಾಡಿ, ಉಳಿದಿದ್ದು ಬಿಡಿ, ಅಷ್ಟೇ ಓದೋ ವಿಧಾನ. ಇಂಗ್ಲಿಷ್ ಹಿಸ್ಟರಿ ಪುಸ್ತಕದಲ್ಲಿ ಪುಲಕೇಶಿ ಹೆಸರಿನ ಮುಂದೆ ಎರಡು ಐ ಇದ್ರೆ ಅದು ನಮ್ಮ ಇಮ್ಮಡಿನೇ, ಕೃಷ್ಣರಾಜ ಒಡೆಯರ್ ಮುಂದೆ ಐ-ವಿ ಇದ್ರೆ ನಾಲ್ವಡಿ.

ಈ ದಾರಿ 3999ಕ್ಕೆ ನಿಲ್ಲುತ್ತೆ. 4000 ಬರಿಯೋಕೆ 5000ದ ಅಕ್ಷರ ಬೇಕು, ಏಳರಲ್ಲಿ ಅದಿಲ್ಲ. ಅದಕ್ಕೆ ಅಕ್ಷರದ ತಲೆ ಮೇಲೆ ಗೆರೆ ಎಳೆದ್ರೆ ಸಾವಿರ ಪಟ್ಟು ಅನ್ನೋ ಪದ್ಧತಿ ಇದೆ, ವಿ ಮೇಲೆ ಗೆರೆ ಅಂದ್ರೆ 5000. ಸ್ಕೂಲಲ್ಲಿ ಇದು ಸಾಮಾನ್ಯವಾಗಿ ಬರಲ್ಲ, ಕುತೂಹಲ ಇರೋ ಮಕ್ಕಳಿಗೆ ಹೇಳಿ.

ಮನೇಲಿ ಚೆಕ್ ಮಾಡೋ ಪೋಷಕರು 1ರಿಂದ 100ರ ತನಕ ಬರಿ ಅಂತ ಶಿಕ್ಷೆ ಕೊಡ್ಬೇಡಿ. 444 ಕೊಡಿ, ಸಿ-ಡಿ, ಎಕ್ಸ್-ಎಲ್, ಐ-ವಿ ಬರಬೇಕು. 999 ಕೊಡಿ, ಸಿ-ಎಂ, ಎಕ್ಸ್-ಸಿ, ಐ-ಎಕ್ಸ್. ಐ-ಎಂ ಅಂತ ಬರೆದ್ರೆ ಇನ್ನೂ ಹಳೇ ರೂಲೇ ತಲೇಲಿದೆ ಅಂತ ಅರ್ಥ, ಮತ್ತೆ ಮೂರು ಸೆಟ್‌ಗೆ ಹೋಗಿ. ಎರಡೂ ಸರಿ ಬಂದ್ರೆ ಕೊನೇಲಿ 1888, ಉತ್ತರ ನೋಡೋ ಮುಂಚೆ ಬರೀ ಅಕ್ಷರ ಎಣಿಸಿ, 13 ಇರ್ಬೇಕು, 12 ಬಂದಿದ್ರೆ ಎಲ್ಲೋ ಒಂದು ಅಕ್ಷರ ಬಿಟ್ಟಿದಾರೆ, ಎಲ್ಲಿ ಅಂತ ನೀವು ಹೇಳ್ಬೇಡಿ, ಅವರೇ ಹುಡುಕ್ಲಿ.