ಹೇರ್‌ಲೈನ್ ಫ್ರಾಕ್ಚರ್: ಗೆರೆ ತೆಳು, ಮುರಿತ ಮುರಿತವೇ

‘ಫ್ರಾಕ್ಚರ್ ಏನೂ ಇಲ್ಲವಂತೆ, ಬರೀ ಹೇರ್‌ಲೈನ್.’ ಮನೆಮಂದಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಕ್ಸ್‌ರೇ ಫೋಟೊದ ಕೆಳಗೆ ಈ ಮಾತು ಓದಿ ಓದಿ ಸಾಕಾಗಿತ್ತು. ಈಗ ಪತ್ರಿಕೆಯ ಕ್ರೀಡಾಪುಟದಲ್ಲೂ ಬಂತು: ‘ಮಣಿಕಟ್ಟು ಮುರಿದಿಲ್ಲ, ಹೇರ್‌ಲೈನ್ ಫ್ರಾಕ್ಚರ್ ಮಾತ್ರ.’ ಫ್ರಾಕ್ಚರ್ ಎಂದರೇ ಮುರಿತ. ಹಾಗಾದರೆ ಬರೆದವರು ಹೇಳಿದ್ದು ‘ಮುರಿದಿಲ್ಲ, ಮುರಿದಿದೆ ಅಷ್ಟೇ’ ಎಂದು.

ಗೊಂದಲದ ಬೇರು ನಮ್ಮ ಮಾತಿನಲ್ಲೇ ಇದೆ. ನಮಗೆ ಬಿರುಕು ಬೇರೆ, ಮುರಿತ ಬೇರೆ. ಗೋಡೆ ಬಿರುಕು ಬಿಟ್ಟರೆ ಮನೆ ಬಿತ್ತು ಎನ್ನುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಈ ಭೇದ ಇಲ್ಲ, ಅದೂ ಇಂದು ನಿನ್ನೆಯಿಂದಲ್ಲ. ಹಳೆಯ ವೈದ್ಯಗ್ರಂಥ ಸುಶ್ರುತಸಂಹಿತೆಯ ನಿದಾನಸ್ಥಾನವೆಂಬ ಭಾಗ ಕೀಲು ತಪ್ಪಿದ್ದನ್ನು ಸಂಧಿಮುಕ್ತವೆಂದೂ ಮೂಳೆ ಮುರಿದದ್ದನ್ನು ಕಾಂಡಭಗ್ನವೆಂದೂ ವಿಂಗಡಿಸಿ, ಕಾಂಡಭಗ್ನದಲ್ಲಿ 12 ಬಗೆ ಎಣಿಸುತ್ತದೆ. ಪುಡಿಯಾದ ‘ಚೂರ್ಣಿತ’ ಅಲ್ಲಿದೆ, ಬಗ್ಗಿದ ‘ವಕ್ರ’ ಇದೆ, ಬಿರುಕು ಬಿಟ್ಟ ‘ಸ್ಫುಟಿತ’ವೂ ಇದೆ. ಸ್ಫುಟಿತವನ್ನು ‘ಬರೀ’ ಎಂದು ಯಾರೂ ಹೊರಗಿಟ್ಟಿಲ್ಲ.

ಹೇರ್‌ಲೈನ್ ಎನ್ನುವುದು ಎಕ್ಸ್‌ರೇಯಲ್ಲಿ ಕಂಡ ಗೆರೆಯ ವರ್ಣನೆ. ಗೆರೆ ಕೂದಲಿನಷ್ಟು ತೆಳು, ತುಂಡುಗಳು ಜಾಗ ಬಿಟ್ಟು ಸರಿದಿಲ್ಲ. ಪದದ ಅರ್ಥ ಅಲ್ಲಿಗೆ ಮುಗಿಯಿತು. ಮುರಿದದ್ದು ಯಾವ ಮೂಳೆ, ಅದಕ್ಕೆ ರಕ್ತ ಯಾವ ಕಡೆಯಿಂದ ಬರುತ್ತದೆ, ಅದರ ಮೇಲೆ ಏನು ಹಾದುಹೋಗುತ್ತದೆ ಎಂಬುದೆಲ್ಲ ಅದರೊಳಗಿಲ್ಲ. ಮಣಿಕಟ್ಟಿನ ಮಟ್ಟಿಗೆ ಮುಖ್ಯವಾದದ್ದೇ ಇವು.

ಸ್ಕೇಫಾಯ್ಡನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನ 8 ಪುಟ್ಟ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಇದು. ದೋಣಿಗೆ ಇರುವ ಗ್ರೀಕ್ ಮಾತಿನಿಂದ ಬಂದ ಹೆಸರು. ಇದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹೊಕ್ಕು ಮೊಣಕೈ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಗೆರೆ ಬಿದ್ದರೆ ಹಿಂದಿನ ತುಂಡಿಗೆ ರಕ್ತ ಸಾಲದೆ ಮೂಳೆ ಕೂಡದೇ ಉಳಿಯಬಹುದು, ಆ ತುಂಡು ಸಾಯಲೂಬಹುದು. ಕೂಡದ ಸ್ಕೇಫಾಯ್ಡ್ ಹೊತ್ತ ಕೈಯ ಕೀಲು ವರ್ಷಗಳಲ್ಲಿ ಸವೆಯುತ್ತದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಗೆರೆ ಕಾಣದೆಯೂ ಇರಬಹುದು. ಆಗ ಅದಕ್ಕೆ ‘ಉಳುಕು’ ಎಂದು ಹೆಸರಿಟ್ಟು ಎಣ್ಣೆ ಹಚ್ಚಿ ನೀವುವವರು ಎಲ್ಲ ಊರಲ್ಲೂ ಇದ್ದಾರೆ. ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಿದರೆ ಅದರ ಬುಡದಲ್ಲೊಂದು ಗುಳಿ ಬೀಳುತ್ತದಲ್ಲ, ಹಿಂದೆ ನಶ್ಯ ಸುರಿದುಕೊಂಡು ಏರಿಸುತ್ತಿದ್ದ ಜಾಗ, ವೈದ್ಯರು ಅದನ್ನು ನಶ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಿದೆಯೆ? ಹಾಗಿದ್ದರೆ ಸ್ಕೇಫಾಯ್ಡ್ ಮುರಿದಿರುವ ಅನುಮಾನ. ಎಕ್ಸ್‌ರೇ ಸರಿಯಾಗಿದ್ದರೂ ಕಟ್ಟು ಹಾಕಿ 10–14 ದಿನಕ್ಕೆ ಮತ್ತೊಮ್ಮೆ ತೆಗೆಸುವುದು, ಇಲ್ಲವೇ ಎಂಆರ್‌ಐ ಮಾಡಿಸುವುದು ಇದಕ್ಕಾಗಿಯೇ.

‘ಮೂಳೆ ಕೂಡಿದೆ’ ಎಂಬುದನ್ನು ‘ಕೈ ಸರಿಹೋಗಿದೆ’ ಎಂದು ಓದಿಕೊಳ್ಳುವುದು ‘ಬರೀ ಹೇರ್‌ಲೈನ್’ ಎಂಬ ತಪ್ಪಿನ ತಮ್ಮ. ಮುಂಗೈಯ ರೇಡಿಯಸ್ ಮೂಳೆ ಮಣಿಕಟ್ಟಿನ ಹತ್ತಿರ ಮುರಿದರೆ ಪ್ಲಾಸ್ಟರ್ ಸಾಮಾನ್ಯವಾಗಿ 5–6 ವಾರ. ಬಿಚ್ಚಿದ ದಿನದಿಂದ ಬಿಗಿತ, ಹಿಡಿತದ ಸೋಲು. ಬಟ್ಟೆ ಹಿಂಡಲು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು, ಕೈಯೂರಿ ಏಳಲು ತಿಂಗಳುಗಳೇ ಬೇಕಾಗಬಹುದು. ಕಿರುಬೆರಳ ಬದಿಯಲ್ಲಿ ನೋವು ಉಳಿದರೆ ಅಲ್ಲಿನ ಮೃದ್ವಸ್ಥಿ, ಕಟ್ಟುನಾರುಗಳಿಗೆ ಪೆಟ್ಟಾಗಿರಬಹುದು; ಅವು ಎಕ್ಸ್‌ರೇಯಲ್ಲಿ ಮೂಡುವುದೇ ಇಲ್ಲ. ಆದ್ದರಿಂದ ‘ರಿಪೋರ್ಟ್ ನಾರ್ಮಲ್ಲು, ಇವಳದ್ದು ಇನ್ನೂ ನರಳಾಟ’ ಎಂದು ಸೊಸೆಯನ್ನು ಆಡಿಕೊಳ್ಳುವವರು ಬಾಯಿ ಮುಚ್ಚಿಕೊಳ್ಳುವುದು ಒಳ್ಳೆಯದು. 1814ರಲ್ಲಿ, ಎಕ್ಸ್‌ರೇ ಬರುವುದಕ್ಕೆ 81 ವರ್ಷ ಮೊದಲೇ, ರೇಡಿಯಸ್ಸಿನ ಈ ಮುರಿತವನ್ನು ವಿವರಿಸಿದ ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ ಕೂಡ, ಕೈ ನೋವಿಲ್ಲದೆ ಆಡುವುದು ಮುಂದೆಂದೋ ಒಂದು ಕಾಲಕ್ಕೆ ಎಂದೇ ಬರೆದ. ಊತ ಇಳಿಯದೆ, ಚರ್ಮ ಮಿರಮಿರ ಹೊಳೆದು ಬಣ್ಣ ಬದಲಾಗಿ, ಬಟ್ಟೆ ಸೋಕಿದರೂ ಉರಿಯುತ್ತಿದ್ದರೆ ಮಾತ್ರ ಕಾಯುವ ಮಾತಿಲ್ಲ. ಅದು ನರಗಳ ಕಡೆಯ ಬೇರೆ ತೊಂದರೆ, ಬೇಗ ತೋರಿಸಬೇಕು.

‘ಬರೀ ಹೇರ್‌ಲೈನ್’ ಎನ್ನುವವರಿಗೆ ಗೊತ್ತಿರಲೇಬೇಕಾದ ಇನ್ನೊಂದಿದೆ. ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ರೇಡಿಯಸ್ಸಿನ ಬೆನ್ನಿನ ಮೇಲೆ ಇಕ್ಕಟ್ಟಾದ ಕಾಲುವೆಯೊಂದರಲ್ಲಿ ಸಾಗುತ್ತದೆ. ರೇಡಿಯಸ್ ಮುರಿದ ವಾರಗಳ ನಂತರ ಅದು ತಾನಾಗಿ ಹರಿಯುವುದು ಅಪರೂಪ, ಹರಿದರೆ ಹೆಚ್ಚಾಗಿ ತುಂಡು ಸರಿಯದ ಮುರಿತಗಳಲ್ಲೇ. ಮೂಳೆ ಕದಲದ ಕಾರಣ ಕಾಲುವೆಯ ಹೊದಿಕೆ ಹರಿಯದೆ ಬಿಗಿಯಾಗಿಯೇ ಉಳಿದು, ಒಳಗಿನ ಊತಕ್ಕೆ ಸಿಕ್ಕಿದ ರಜ್ಜು ರಕ್ತವಿಲ್ಲದೆ ಸವೆಯುತ್ತದೆ ಎಂಬುದು ಒಪ್ಪಿತ ವಿವರಣೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೆಬ್ಬೆರಳೊಂದನ್ನೇ ಎತ್ತಿ ನೋಡಿ. ಏಳದಿದ್ದರೆ ವ್ಯಾಯಾಮದಿಂದ ಬರುವುದಲ್ಲ. ತೋರುಬೆರಳನ್ನು ನೆಟ್ಟಗೆ ಚಾಚುವ ರಜ್ಜುಗಳು ಎರಡಿರುವುದರಿಂದ ಸಾಮಾನ್ಯವಾಗಿ ಅದರಲ್ಲೊಂದನ್ನು ಬಿಡಿಸಿ ಹೆಬ್ಬೆರಳಿಗೆ ಹೊಲಿಯುತ್ತಾರೆ.